ಕುಣಿದಿದ್ದಕ್ಕೂ ಬಿಲ್ಲಾ? ಒಂದು ಜುಲು ಹಾಡು, ಕೊಡಗಿನ ಮದುವೆ ಮತ್ತು ಹಾಡಿನ ದುಡ್ಡಿನ ಲೆಕ್ಕ

ಕೊಡಗಿನಲ್ಲಿ ಹೋಂಸ್ಟೇ ಇಟ್ಟುಕೊಂಡವರಿಗೆ ಈ ಗೊಂದಲ ಹೊಸದಲ್ಲ. ಮನೆಯ ಮಗಳ ಫೋನಿನಲ್ಲಿ ಇನ್‌ಸ್ಟಾಗ್ರಾಂ ತೆರೆದರೆ ಬೇಕಾದ ಹಾಡು ಸಿಗುತ್ತದೆ. ಮಂಜು ಕವಿದ ತೋಟದ ವಿಡಿಯೊಗೆ ಅದನ್ನು ಹಾಕಿದರೆ ಯಾರೂ ಕೇಳುವುದಿಲ್ಲ. ಅದೇ ವಿಡಿಯೊವನ್ನು ಹೋಂಸ್ಟೇ ಹೆಸರಿನ ವ್ಯಾಪಾರಿ ಖಾತೆಯಿಂದ ಹಾಕಲು ಹೋದರೆ ಹಾಡು ಪಟ್ಟಿಯಲ್ಲೇ ಇರುವುದಿಲ್ಲ. ಹೇಗೋ ಸೇರಿಸಿ ಹಾಕಿದರೂ ಆಮೇಲೆ ನೋಡಿದರೆ ಸದ್ದು ಮಾಯ.

ಮದುವೆಯಲ್ಲೂ ಇದೇ ಪಾಡು. ವಾಲಗಕ್ಕೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ರಾತ್ರಿ ರೆಸಾರ್ಟಿನಲ್ಲಿ ಡಿಜೆ ಶುರುವಾದರೆ ಮಾತ್ರ, ಹಾಡಿನ ಲೈಸೆನ್ಸ್ ತಗೊಂಡಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಹೋಟೆಲುಗಳಲ್ಲಿ ಹಾಡು ಹಾಕಲು ಲೈಸೆನ್ಸ್ ಯಾರು ಕೊಡಬಹುದು, ಎಷ್ಟು ದುಡ್ಡು ಕೇಳಬಹುದು ಎಂಬ ಜಗಳ ದೆಹಲಿ ಹೈಕೋರ್ಟ್ ದಾಟಿ 2025ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಆ ಸುದ್ದಿ ಓದಿದವರಿಗೆ ಗೊಂದಲ ಇನ್ನೂ ಜಾಸ್ತಿಯಾಯಿತು.

ಈ ಗಂಟು ಬಿಡಿಸಲು ಕಾನೂನು ಪುಸ್ತಕಕ್ಕಿಂತ ಒಂದು ಹಾಡಿನ ಕತೆ ಹೆಚ್ಚು ಅನುಕೂಲ.

ತಟ್ಟೆ ಹಿಡಿದು ಕುಣಿದವರು

ಹಾಡಿನ ಹೆಸರು ಜೆರುಸಲೇಮಾ. 2019ರ ಕೊನೆಗೆ ದಕ್ಷಿಣ ಆಫ್ರಿಕಾದಲ್ಲಿ ಬಿಡುಗಡೆಯಾಯಿತು. ಸಂಗೀತ ಮಾಡಿದವರು ಮಾಸ್ಟರ್ ಕೆಜಿ, ಹಾಡಿದವರು ನೊಮ್ಸೆಬೊ ಜಿಕೊಡೆ. ಭಾಷೆ ಜುಲು. ಮಾತು ಭಕ್ತಿಗೀತೆಯದು, ತಾಳ ಡಿಸ್ಕೋ ಅಂಗಳದ್ದು. ಊರಲ್ಲಿ ಚೆನ್ನಾಗಿಯೇ ಓಡಿತು. ಅಲ್ಲಿಗೇ ನಿಂತಿದ್ದರೆ ನಮಗೆ ಅದರ ಹೆಸರೂ ಗೊತ್ತಾಗುತ್ತಿರಲಿಲ್ಲ.

2020ರ ಫೆಬ್ರವರಿಯಲ್ಲಿ ಅಂಗೋಲಾ ದೇಶದ ಫೆನೊಮೆನೋಸ್ ದೊ ಸೆಂಬಾ ಎಂಬ ಕುಣಿತದ ತಂಡ ಒಂದು ವಿಡಿಯೊ ಹಾಕಿತು. ಗೆಳೆಯರು ಅಂಗಳದಲ್ಲಿ ಊಟದ ತಟ್ಟೆ ಕೈಯಲ್ಲಿ ಹಿಡಿದೇ ಸಾಲಾಗಿ ಹೆಜ್ಜೆ ಹಾಕುತ್ತಾರೆ. ತುತ್ತು ಬಾಯಿಗೆ, ಹೆಜ್ಜೆ ನೆಲಕ್ಕೆ. ಅಷ್ಟೇ. ಮುಂದಿನ ತಿಂಗಳು ಲೋಕವೆಲ್ಲ ಲಾಕ್‌ಡೌನ್ ಆಯಿತು.

ಮನೆಯಲ್ಲಿ ಕೂತವರಿಗೆ ಕುಣಿಯಲು ಏನೋ ಒಂದು ಬೇಕಿತ್ತು. ಈ ಹೆಜ್ಜೆ ಸುಲಭ. ಒಂದಿಷ್ಟು ಹೆಜ್ಜೆ ಮುಗಿದರೆ ಒಂದು ಪಕ್ಕಕ್ಕೆ ತಿರುಗಿ ಮತ್ತೆ ಮೊದಲಿಂದ. ಜೋಡಿ ಬೇಡ, ಮುಟ್ಟಬೇಕಿಲ್ಲ, ಆರಡಿ ದೂರ ನಿಂತೇ ಕುಣಿಯಬಹುದು. ಜುಲು ಅರ್ಥವಾಗದಿದ್ದರೂ ತೊಂದರೆ ಇಲ್ಲ. ಆಸ್ಪತ್ರೆಯ ನರ್ಸುಗಳು ಕುಣಿದರು, ವಿಮಾನದ ಸಿಬ್ಬಂದಿ ಕುಣಿದರು, ಕ್ರೈಸ್ತ ಸನ್ಯಾಸಿನಿಯರೂ ಕುಣಿದರು. ಸ್ವಿಟ್ಜರ್ಲೆಂಡಿನ ಪೊಲೀಸರು ಕುಣಿದು ಐರ್ಲೆಂಡಿನ ಪೊಲೀಸರಿಗೆ ಸವಾಲು ಹಾಕಿದರು, ಅವರೂ ಕುಣಿದು ತೋರಿಸಿದರು. 2020ರ ಸೆಪ್ಟೆಂಬರ್ 24ರ ಪರಂಪರೆ ದಿನಕ್ಕೆ ಈ ಹಾಡಿಗೆ ಹೆಜ್ಜೆ ಹಾಕಿ ಎಂದು ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೋಸಾ ಅವರೇ ಜನರನ್ನು ಕರೆದರು.

ಹಾಡು ಎಷ್ಟೇ ಚೆನ್ನಾಗಿದ್ದರೂ ಅದು ಇಷ್ಟು ದೂರ ಹೋಗಿದ್ದು ಬೇರೆಯವರ ಕಾಲಿನ ಮೇಲೆ. ಹಾಡು ಮಾಡಿದ ದೇಶ ಒಂದು, ಹೆಜ್ಜೆ ಕಟ್ಟಿದ ದೇಶ ಇನ್ನೊಂದು, ಅದನ್ನು ಹಬ್ಬಿಸಿದ ಕಾಲ ಯಾರೂ ಬಯಸದ ಕಾಲ.

ಆಮೇಲೆ ಬಂದ ಬಿಲ್

2021ರ ಆರಂಭದಲ್ಲಿ ಜರ್ಮನಿಯಿಂದ ಒಂದು ಸುದ್ದಿ ಬಂತು. ಹಾಡಿನ ಹಕ್ಕು ಹೊಂದಿದ್ದ ವಾರ್ನರ್ ಮ್ಯೂಸಿಕ್ ಕಂಪನಿ, ಕುಣಿದು ವಿಡಿಯೊ ಹಾಕಿದ್ದ ಕೆಲವು ಸಂಸ್ಥೆಗಳಿಗೆ ಲೈಸೆನ್ಸ್ ಶುಲ್ಕ ಕೇಳಿತ್ತು. ಅವುಗಳಲ್ಲಿ ಪೊಲೀಸ್ ಇಲಾಖೆಯೂ ಇತ್ತು. ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ಗೃಹ ಇಲಾಖೆ ತನ್ನ ಪೊಲೀಸರ ಪರವಾಗಿ ದುಡ್ಡು ಕಟ್ಟಿತು.

ಜನ ಸಿಟ್ಟಾದರು. ಕೊರೊನಾ ವಾರ್ಡಿನಲ್ಲಿ ಹಗಲು ರಾತ್ರಿ ದುಡಿದವರು ಐದು ನಿಮಿಷ ಕುಣಿದರೆ ಅದಕ್ಕೂ ಬಿಲ್ಲಾ ಅಂದರು. ಹಾಡು ಲೋಕಕ್ಕೆ ಗೊತ್ತಾಗಿದ್ದೇ ಇಂಥ ವಿಡಿಯೊಗಳಿಂದ, ಕಂಪನಿಯೇ ಕುಣಿದವರಿಗೆ ದುಡ್ಡು ಕೊಡಬೇಕು ಅನ್ನುವವರೂ ಇದ್ದರು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಮೊದಲ ದಿನವೇ ಶುಲ್ಕದ ಬೋರ್ಡು ಹಾಕಿದ್ದರೆ ಯಾವ ಆಸ್ಪತ್ರೆಯೂ ಕುಣಿಯುತ್ತಿರಲಿಲ್ಲ, ಆಗ ಶುಲ್ಕ ಕೇಳಲು ಹಿಟ್ ಹಾಡೂ ಇರುತ್ತಿರಲಿಲ್ಲ.

ಹಕ್ಕುದಾರರ ಮಾತನ್ನೂ ಕೇಳಬೇಕು. ಮನೆಯವರು ಸುಮ್ನೆ ಕುಣಿದು ಹಾಕಿದ್ದಕ್ಕೆ ಅವರು ದುಡ್ಡು ಕೇಳಲಿಲ್ಲ. ಕೇಳಿದ್ದು ಸಂಸ್ಥೆಗಳನ್ನು. ಒಂದು ಇಲಾಖೆಯೋ ಕಂಪನಿಯೋ ತನ್ನ ಹೆಸರು, ಸಮವಸ್ತ್ರ, ಕಟ್ಟಡ ಎಲ್ಲ ತೋರಿಸಿ, ಹಿನ್ನೆಲೆಗೆ ಹಿಟ್ ಹಾಡು ಹಾಕಿದರೆ ಅದು ತನಗೆ ಒಳ್ಳೆಯ ಹೆಸರು ತರುವ ಪ್ರಚಾರ. ಜಾಹೀರಾತಿಗೆ ಹಾಡು ಬಳಸಿದರೆ ದುಡ್ಡು ಕೊಡುವಾಗ ಇದಕ್ಕೆ ಯಾಕಿಲ್ಲ? ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಆಗಬಾರದಲ್ಲ.

ಕಾನೂನಿನ ಲೆಕ್ಕದಲ್ಲಿ ಕಂಪನಿಯ ಕಡೆ ಗಟ್ಟಿ. ತಪ್ಪಿದ್ದು ಹೊತ್ತು. ಬನ್ನಿ ಬನ್ನಿ ಎಂದು ಕರೆದು ಊಟ ಬಡಿಸಿ, ಎಲೆ ಎತ್ತುವಾಗ ಬಿಲ್ ಕೊಟ್ಟ ಹಾಗಾಯಿತು.

ಇದಕ್ಕೆ ಬೇರೆ ದಾರಿಯೂ ಇತ್ತು. 2012ರಲ್ಲಿ ದಕ್ಷಿಣ ಕೊರಿಯಾದ ಸೈ ಹಾಡಿದ ಗಂಗ್ನಂ ಸ್ಟೈಲ್ ಯೂಟ್ಯೂಬಿನಲ್ಲಿ 100 ಕೋಟಿ ಸಲ ನೋಡಿಸಿಕೊಂಡ ಮೊದಲ ವಿಡಿಯೊ ಆಯಿತು. ಆ ಹಾಡಿಗೆ ಅಣಕು ವಿಡಿಯೊ ಮಾಡಿದವರಿಗೆ ಲೆಕ್ಕವಿಲ್ಲ. ಹಕ್ಕುದಾರರು ಅವನ್ನು ತಡೆಯಲು ಹೋಗಲಿಲ್ಲ. ಯೂಟ್ಯೂಬಿನಲ್ಲಿ ಹಾಡನ್ನು ಗುರುತು ಹಿಡಿಯುವ ವ್ಯವಸ್ಥೆ ಇದೆ. ಯಾರದೇ ವಿಡಿಯೊದಲ್ಲಿ ನಿಮ್ಮ ಹಾಡು ಕೇಳಿಸಿದರೆ ಅದನ್ನು ತೆಗೆಸಬಹುದು, ಇಲ್ಲವೇ ಅಲ್ಲಿ ಬರುವ ಜಾಹೀರಾತಿನ ದುಡ್ಡು ನಿಮಗೆ ಬರುವ ಹಾಗೆ ಮಾಡಿಕೊಳ್ಳಬಹುದು. ಕುಣಿದವನ ಜೇಬಿಗೆ ಕೈ ಹಾಕದೆ ದುಡ್ಡು ಮಾಡುವ ದಾರಿ ಇದು. ಜಗಳವೂ ಕಡಿಮೆ.

ಮಣ್ಣು ಒಬ್ಬರದು, ಮರ ಇನ್ನೊಬ್ಬರದು

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಿಲ್ ಕೊಟ್ಟಿದ್ದು ಹಾಡಿದವರೂ ಅಲ್ಲ, ಸಂಗೀತ ಮಾಡಿದವರೂ ಅಲ್ಲ. ಯಾವುದೋ ಕಂಪನಿ. ಹಾಗಾದರೆ ಹಾಡು ಯಾರದ್ದು?

ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಗೋಜಲು ಇಲ್ಲಿ ಯಾರಿಗೆ ಗೊತ್ತಿಲ್ಲ? ಜಾಗ ಕುಟುಂಬದ್ದು. ಅನ್‌ರಿಡೀಮ್ಡ್, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದೆ ಉಳಿದಿದ್ದರೆ, ಅದರಲ್ಲಿರುವ ಬೆಲೆಬಾಳುವ ಮರದ ಹಕ್ಕು ಸರ್ಕಾರದ್ದು. ಆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಫಸಲನ್ನು ಈ ವರ್ಷಕ್ಕೆ ವ್ಯಾಪಾರಿಗೆ ಗುತ್ತಿಗೆ ಕೊಟ್ಟಿರಬಹುದು. ನೋಡುವವರಿಗೆ ಒಂದೇ ತೋಟ. ಕಾಗದದಲ್ಲಿ ಮೂರು ಯಜಮಾನರು.

ಹಾಡೂ ಹಾಗೇ. ಸಾಹಿತ್ಯ ಬರೆದವರಿಗೆ ಒಂದು ಹಕ್ಕು, ರಾಗ ಕಟ್ಟಿದವರಿಗೆ ಒಂದು. ಸ್ಟುಡಿಯೊದಲ್ಲಿ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದವರಿಗೆ ಆ ರೆಕಾರ್ಡಿಂಗಿನ ಮೇಲೆ ಬೇರೆಯೇ ಹಕ್ಕು. ಹಾಡಿದವರಿಗೆ, ನುಡಿಸಿದವರಿಗೆ ಕಲಾವಿದರ ಹಕ್ಕು. ಇವನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ದೇಶ ದೇಶಕ್ಕೆ ಬೇರೆ ಬೇರೆ ಕಂಪನಿಗೆ ಹಂಚಬಹುದು. ಅಂಗೋಲಾದ ಆ ಗೆಳೆಯರಿಗೆ ಹಾಡಿನಲ್ಲಿ ಇವುಗಳಲ್ಲಿ ಯಾವ ಹಕ್ಕೂ ಇಲ್ಲ. ಹಾಡನ್ನು ಹಬ್ಬಿಸಿದ್ದಕ್ಕೆ ಕಾನೂನಿನಲ್ಲಿ ಪಾಲು ಇಲ್ಲ.

ಫಸಲು ಕಾಣುವ ಮೊದಲೇ ವ್ಯಾಪಾರ

ಇನ್ನು ಕತೆಯ ಕಹಿ ಭಾಗ. 2021ರ ಜುಲೈನಲ್ಲಿ ನೊಮ್ಸೆಬೊ ಜಿಕೊಡೆ ಬಹಿರಂಗವಾಗಿ ಹೇಳಿದ್ದು ಇಷ್ಟು: ಲೋಕವೇ ಕುಣಿದ ಈ ಹಾಡಿನಿಂದ ತನಗೆ ರೆಕಾರ್ಡ್ ಕಂಪನಿಯಿಂದ ಒಂದು ಕಾಸೂ ಬಂದಿಲ್ಲ. ಮಾಸ್ಟರ್ ಕೆಜಿ ಇದನ್ನು ಒಪ್ಪಲಿಲ್ಲ. ಪಾಲಿನ ಬಗ್ಗೆ ಮಾತುಕತೆ ಆಗಿದೆ, ಆಕೆ ಕೇಳುತ್ತಿರುವುದು ಹೆಚ್ಚಾಯಿತು ಎಂಬಂತೆ ಉತ್ತರಿಸಿದರು. ಇಬ್ಬರಲ್ಲಿ ಯಾರು ಸರಿ ಎಂದು ಹೊರಗಿನವರು ತೀರ್ಪು ಕೊಡಲಾಗದು. ಆದರೆ ಜರ್ಮನಿಯಲ್ಲಿ ಪೊಲೀಸರಿಂದ ಶುಲ್ಕ ವಸೂಲಾದ ವರ್ಷವೇ ಹಾಡಿದಾಕೆ ನನಗೆ ದುಡ್ಡು ಬಂದಿಲ್ಲ ಎನ್ನುತ್ತಿದ್ದರು. 'ಕಲಾವಿದರಿಗೆ ಸೇರಬೇಕಾದ ದುಡ್ಡು' ಎಂಬ ಮಾತನ್ನು ಯಾರಾದರೂ ಜೋರಾಗಿ ಹೇಳಿದಾಗ ಇದನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಹೀಗಾಗಲು ಕಾರಣ ಸರಳ. ಅನಿರೀಕ್ಷಿತ ಹಿಟ್ ಅಂದರೆ ಯಾರೂ ನಿರೀಕ್ಷಿಸದ್ದು. ಅಗ್ರಿಮೆಂಟ್ ಬರೆಯುವ ದಿನ ಹಾಡಿಗೆ ಬೆಲೆಯೇ ಇರುವುದಿಲ್ಲ. ಹಾಡಿದರೆ ಸಾಕು, ಬಿಡುಗಡೆಯಾದರೆ ಸಾಕು ಎಂದು ಸಹಿ ಹಾಕುತ್ತಾರೆ. ಕೆಲವೊಮ್ಮೆ ಕಾಗದವೇ ಇರುವುದಿಲ್ಲ. ಹೂ ಬಿಡುವ ಮೊದಲೇ ಮೆಣಸಿನ ಫಸಲನ್ನು ಗುತ್ತಿಗೆ ಕೊಟ್ಟವರ ಹಾಗೆ. ಆ ವರ್ಷ ಬೆಲೆ ಏರಿದರೆ ಲಾಭ ಗುತ್ತಿಗೆ ಹಿಡಿದವರದು. ಮಾಮೂಲಿ ಹಾಡಿನಲ್ಲಿ ಈ ತಪ್ಪು ಯಾರಿಗೂ ಕಾಣುವುದಿಲ್ಲ, ಹಂಚಲು ದುಡ್ಡೇ ಇಲ್ಲವಲ್ಲ. ಹಿಟ್ ಆದಾಗ ಮಾತ್ರ ಗಾಯ ಕಾಣುತ್ತದೆ.

ದಕ್ಷಿಣ ಆಫ್ರಿಕಾಕ್ಕೆ ಇದು ಹಳೆಯ ನೋವು. 1939ರಲ್ಲಿ ಸಾಲೊಮನ್ ಲಿಂಡಾ ಎಂಬ ಜುಲು ಗಾಯಕ 'ಎಂಬೂಬೆ' ಎಂಬ ಹಾಡನ್ನು ರೆಕಾರ್ಡ್ ಮಾಡಿದರು. ಹಕ್ಕು ಮಾರಿದ್ದು 10 ಶಿಲಿಂಗ್‌ಗೆ. ಅದೇ ರಾಗ ಅಮೆರಿಕಕ್ಕೆ ಹೋಗಿ, ಸಿಂಹ ಮಲಗಿದೆ ಎಂಬ ಇಂಗ್ಲಿಷ್ ಹಾಡಾಗಿ, ಕೊನೆಗೆ ಡಿಸ್ನಿಯ ಸಿನಿಮಾಕ್ಕೂ ಬಂತು. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಹೆಣ್ಣುಮಕ್ಕಳಿಗೆ ರಾಜಿಯಲ್ಲಿ ಪಾಲು ಸಿಕ್ಕಿದ್ದು 2006ರಲ್ಲಿ. ಅದಕ್ಕೂ ನೆರವಾಗಿದ್ದು 1911ರ ಒಂದು ಹಳೆಯ ಬ್ರಿಟಿಷ್ ಕಾನೂನು. ಬರೆದವರು ಸತ್ತು 25 ವರ್ಷವಾದ ಮೇಲೆ ಹಕ್ಕು ವಾರಸುದಾರರಿಗೆ ಮರಳುತ್ತದೆ ಎಂದು ಅದರಲ್ಲಿತ್ತು. ವಸಾಹತಿನ ಕಾನೂನೊಂದು ವಸಾಹತಿನ ಬಡವನ ಮಕ್ಕಳನ್ನು ಕಾಪಾಡಿದ್ದು ವಿಚಿತ್ರವೇ.

ನಮ್ಮ ಸುತ್ತಮುತ್ತಲೂ ಉದಾಹರಣೆ ಇವೆ. ಶ್ರೀಲಂಕಾದ ಮಣಿಕೆ ಮಗೆ ಹಿತೆ 2021ರಲ್ಲಿ ಯೊಹಾನಿಯ ದನಿಯಲ್ಲಿ ನಮ್ಮ ಊರೂರಿಗೂ ಬಂತು. ಅದು 2020ರಲ್ಲೇ ಸತೀಶನ್ ಹಾಡಿದ್ದ ಹಾಡು ಎಂದು ಎಷ್ಟು ಜನಕ್ಕೆ ಗೊತ್ತು? ಇನ್ನು ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಕಡಲೆಕಾಯಿ ವ್ಯಾಪಾರಿ ಭುವನ್ ಬಾದ್ಯಕರ್ ಸರಕು ಮಾರಲು ಹಾಡುತ್ತಿದ್ದ ಕಚ್ಚಾ ಬಾದಾಮ್ ಹಬ್ಬಿದಾಗ, ನನ್ನ ಹಾಡಿನಿಂದ ಬೇರೆಯವರು ದುಡ್ಡು ಮಾಡುತ್ತಿದ್ದಾರೆ ಎಂದು ಅವರು ಪೊಲೀಸರ ಬಳಿ ಹೋಗಿದ್ದರು. ಜರ್ಮನಿಯಲ್ಲಿ ಹಾಡಿನವರು ಪೊಲೀಸರ ಹತ್ತಿರ ದುಡ್ಡು ಕೇಳಿದರು, ಇಲ್ಲಿ ಹಾಡಿದವರು ಪೊಲೀಸರ ಹತ್ತಿರ ನ್ಯಾಯ ಕೇಳಿದರು.

ಮದುವೆ ಮನೆಗೆ ವಿನಾಯಿತಿ, ಎಲ್ಲಿಯವರೆಗೆ?

ಈಗ ಕೊಡಗಿಗೆ ಬರೋಣ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಧಾರ್ಮಿಕ ಆಚರಣೆಯಲ್ಲಿ ಹಾಡು ಬಳಸಿದರೆ ಅದು ಹಕ್ಕು ಮುರಿದಂತೆ ಅಲ್ಲ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಇದರಲ್ಲಿ ಸೇರುತ್ತವೆ ಎಂದು ವಿವರಣೆ ಹೇಳುತ್ತದೆ. 2023ರ ಜುಲೈನಲ್ಲಿ ಕೇಂದ್ರದ ಕೈಗಾರಿಕೆ ಇಲಾಖೆ ಇದನ್ನೇ ನೆನಪಿಸಿ, ಮದುವೆಗಳಲ್ಲಿ ರಾಯಲ್ಟಿ (ಹಾಡು ಬಳಸಿದ್ದಕ್ಕೆ ಹಕ್ಕುದಾರರಿಗೆ ಕೊಡುವ ದುಡ್ಡು) ಕೇಳಬೇಡಿ ಎಂದು ಸೂಚನೆ ಹೊರಡಿಸಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮುಗಿಯಲಿಲ್ಲ. ಗೋವಾ ಸರ್ಕಾರ 2024ರಲ್ಲಿ ಇಂಥದೇ ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನು ರದ್ದು ಮಾಡಿತು. ಕಾಯ್ದೆಯಲ್ಲಿ ಎಷ್ಟಿದೆಯೋ ಅಷ್ಟನ್ನು ಮೀರಿ ಸುತ್ತೋಲೆ ಹೇಳುವಂತಿಲ್ಲ ಎಂಬುದು ತೀರ್ಪಿನ ಸಾರ. ಮದುವೆಗೆ ಇರುವ ವಿನಾಯಿತಿ ಇದರಿಂದ ಹೋಗಲಿಲ್ಲ. ಯಾವ ಕಾರ್ಯಕ್ರಮ ಮದುವೆಯ ಸಂಭ್ರಮ, ಯಾವುದು ವ್ಯಾಪಾರದ ಪಾರ್ಟಿ ಎಂಬುದನ್ನು ಒಂದೊಂದಾಗಿ ನೋಡಿಯೇ ತೀರ್ಮಾನಿಸಬೇಕು ಎಂಬ ಹಂತಕ್ಕೆ ವಿಷಯ ಮರಳಿತು.

ಕೊಡವ ಸಮಾಜದ ಮದುವೆಯಲ್ಲಿ, ಗೌಡ ಸಮಾಜದ ಮದುವೆಯಲ್ಲಿ ನೆಂಟರು ಕುಣಿಯಲು ಹಾಡು ಹಾಕಿದರೆ ವಿನಾಯಿತಿಯ ವಾದ ಬಲವಾಗಿದೆ. ಬೆಂಗಳೂರಿನಿಂದ ಬಂದವರ ಮೂರು ದಿನದ ರೆಸಾರ್ಟ್ ಮದುವೆಯಲ್ಲಿ ಈಜುಕೊಳದ ಪಕ್ಕದ ಪಾರ್ಟಿಯೂ ಮದುವೆಯ ಸಂಭ್ರಮವೇ? ಹೌದು ಅನ್ನುತ್ತಾರೆ ಮದುವೆಯವರು. ಹಕ್ಕುದಾರರು ಹೋಟೆಲಿನ ಕಡೆ ಬೊಟ್ಟು ಮಾಡುತ್ತಾರೆ. ಹೂವಿಗೆ, ದೀಪಕ್ಕೆ, ಊಟಕ್ಕೆ, ಡಿಜೆಗೆ ಎಲ್ಲ ದುಡ್ಡು ಕೊಡುತ್ತೀರಿ, ಹಾಡಿಗೆ ಮಾತ್ರ ಯಾಕೆ ಪುಕ್ಕಟೆ ಎಂದು ಕೇಳುತ್ತಾರೆ. ಮಡಿಕೇರಿಯ ಹೊಸ ವರ್ಷದ ಪಾರ್ಟಿಗಳಲ್ಲಿ ಈ ಪ್ರಶ್ನೆಯೇ ಇಲ್ಲ, ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಲೈಸೆನ್ಸ್ ಬೇಕೇ ಬೇಕು.

ಜನ ಮರೆಯುವ ಇನ್ನೊಂದು ಸಂಗತಿ: ಈ ವಿನಾಯಿತಿ ಇರುವುದು ಅಲ್ಲಿ, ಆ ಹೊತ್ತಿಗೆ ಹಾಡು ಹಾಕುವುದಕ್ಕೆ. ಅದನ್ನು ಚಿತ್ರೀಕರಿಸಿ ಲೋಕಕ್ಕೆ ಹಾಕುವುದು ಬೇರೆ ಹಕ್ಕಿಗೆ ಸೇರುತ್ತದೆ. ಮಂಟಪದಲ್ಲಿ ತೊಂದರೆ ಕೊಡದ ಹಾಡು ಫೇಸ್‌ಬುಕ್ಕಿನಲ್ಲಿ ಮೂಕವಾಗುವುದು ಇದಕ್ಕೇ.

ಹೋಂಸ್ಟೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇನ್‌ಸ್ಟಾಗ್ರಾಂ ಹಾಡಿನ ಕಂಪನಿಗಳಿಗೆ ದುಡ್ಡು ಕೊಟ್ಟು ಒಪ್ಪಂದ ಮಾಡಿಕೊಂಡಿರುವುದು ಮುಖ್ಯವಾಗಿ ಸಾಮಾನ್ಯ ಜನರ ಖಾಸಗಿ ಖುಷಿಗೆ. ಮಗಳು ಹಾಕಿದರೆ ಖುಷಿ, ಹೋಂಸ್ಟೇ ಹಾಕಿದರೆ ಜಾಹೀರಾತು. ಜರ್ಮನಿಯಲ್ಲಿ ಎಳೆದ ಗೆರೆಯೇ ಇಲ್ಲೂ. ಮಗಳ ಖಾತೆಯಲ್ಲಿ ಹಾಕಿ ಕೆಳಗೆ ರೂಮಿನ ಬಾಡಿಗೆ, ಫೋನ್ ನಂಬರು ಬರೆದರೆ ತಪ್ಪಿಸಿಕೊಂಡ ಹಾಗೆ ಆಗುವುದಿಲ್ಲ, ಬಳಕೆ ಯಾವುದಕ್ಕೆ ಎಂಬುದೇ ಮುಖ್ಯ. ಮದುವೆ ವಿಡಿಯೊ ಮಾಡುವ ಸ್ಟುಡಿಯೊಗಳೂ ಇದೇ ಸಾಲಿನಲ್ಲಿವೆ.

ನಾಳೆ ಇಲ್ಲಿಂದ ಒಂದು ಹಾಡು ಹೊರಟರೆ

ಇಲ್ಲಿಯವರೆಗೆ ಕೊಡಗನ್ನು ಹಾಡು ಬಳಸುವ ಊರಾಗಿ ನೋಡಿದೆವು. ಹಾಡು ಕೊಡುವ ಊರಾದರೆ? ಅಸಾಧ್ಯವೇನಲ್ಲ. ಜುಲು, ಕೊರಿಯನ್, ಸಿಂಹಳ ಹಾಡುಗಳು ಲೋಕ ಸುತ್ತಿದ ಮೇಲೆ ಭಾಷೆ ಅಡ್ಡಿ ಅನ್ನುವಂತಿಲ್ಲ. ವಾಲಗದ ತಾಳಕ್ಕೆ ಸುಮ್ಮನೆ ನಿಲ್ಲುವುದು ಕಷ್ಟ ಎಂದು ಅದನ್ನು ಕೇಳಿದವರಿಗೆ ಹೇಳಬೇಕಿಲ್ಲ.

ಆದರೆ ಸಣ್ಣ ಭಾಷೆಗೆ ಸ್ಟ್ರೀಮಿಂಗಿನ, ಅಂದರೆ ಆನ್‌ಲೈನಿನಲ್ಲಿ ಎಷ್ಟು ಸಲ ಕೇಳಿದರು ಎಂಬುದರ ಮೇಲೆ ಬರುವ ದುಡ್ಡಿನ ಲೆಕ್ಕ ಬಿಗಿ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಾಯ್ನುಡಿ ಎಂದವರು 1,13,857 ಜನ. ಅವರೆಲ್ಲ ಒಂದು ಹಾಡನ್ನು ಹತ್ತು ಸಲ ಕೇಳಿದರೂ ಒಟ್ಟು 11 ಲಕ್ಷ ಚಿಲ್ಲರೆ ಅಷ್ಟೇ. ದೊಡ್ಡ ಹಾಡುಗಳ ಲೆಕ್ಕ ಕೋಟಿಗಳಲ್ಲಿ ಇರುತ್ತದೆ. 2024ರಿಂದ ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ವರ್ಷಕ್ಕೆ 1,000 ಸಲವೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ರಾಯಲ್ಟಿ ಇಲ್ಲ. ಅರೆಭಾಷೆಯ ಒಂದು ಹಾಡು, ಎರವರ ಒಂದು ಹಾಡು ಆ ಗಡಿಯ ಕೆಳಗೇ ಉಳಿಯುವ ಸಾಧ್ಯತೆ ಜಾಸ್ತಿ. ಹೊರಗಿನವರು ಕೇಳಿದರಷ್ಟೇ ದುಡ್ಡು. ಹೊರಗಿನವರು ಕೇಳಬೇಕೆಂದರೆ ದೊಡ್ಡ ಕಂಪನಿ ಬೇಕು, ಕಂಪನಿ ಬಂದರೆ ಅದರ ಅಗ್ರಿಮೆಂಟೂ ಬರುತ್ತದೆ.

ಜಾನಪದದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ನಡಿಕೇರಿಯಂಡ ಚಿಣ್ಣಪ್ಪ ಅವರ ಕೊಡವ ಜಾನಪದ ಸಂಗ್ರಹ ಪಟ್ಟೋಲೆ ಪಳಮೆ 1924ರಲ್ಲಿ ಅಚ್ಚಾಯಿತು. ದುಡಿ ಬಾರಿಸಿ ಹಾಡುವ ಎಷ್ಟೋ ಪಾಟ್‌ಗಳು (ಹಾಡುಗಳು) ಅದರಲ್ಲಿ ಉಳಿದುಕೊಂಡವು. ಚಿಣ್ಣಪ್ಪ ತೀರಿಕೊಂಡದ್ದು 1931ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರ ಕಾಲಾನಂತರ 60 ವರ್ಷ ಮಾತ್ರ ಹಕ್ಕು. ಅಂದರೆ ಈ ಪುಸ್ತಕ ಈಗ ಎಲ್ಲರ ಸೊತ್ತು. ಹಾಡುಗಳಂತೂ ಅದಕ್ಕೂ ಹಿಂದಿನವು, ಅವಕ್ಕೆ ಒಬ್ಬ ಯಜಮಾನ ಯಾವತ್ತೂ ಇರಲಿಲ್ಲ.

ಪಾಟ್ ಎಲ್ಲರದು, ಆದರೆ ಅದರ ರೆಕಾರ್ಡಿಂಗ್ ಒಬ್ಬರದು. ಯಾರೋ ಒಬ್ಬರು ಹುತ್ತರಿ ಹಾಡೊಂದಕ್ಕೆ ಬೀಟ್ ಸೇರಿಸಿ ರೆಕಾರ್ಡ್ ಮಾಡಿ ಯೂಟ್ಯೂಬಿನ ಗುರುತು ಹಿಡಿಯುವ ವ್ಯವಸ್ಥೆಗೆ ಕೊಟ್ಟರು ಅಂತಿಟ್ಟುಕೊಳ್ಳಿ. ಆಮೇಲೆ ಮಂದ್‌ನಲ್ಲಿ (ಊರವರು ಹಬ್ಬಕ್ಕೆ ಸೇರುವ ಬಯಲಿನಲ್ಲಿ) ಹಿರಿಯರು ಹಾಡಿದ ಅದೇ ಹಾಡಿನ ವಿಡಿಯೊವನ್ನು ಇನ್ನೊಬ್ಬರು ಹಾಕಿದರೆ, ಯಂತ್ರಕ್ಕೆ ರಾಗ ಒಂದೇ ಥರ ಕಂಡು, ಇದು ಬೇರೆಯವರ ಸೊತ್ತು ಎಂದು ತಗಾದೆ ತೆಗೆಯಬಹುದು. ಎಲ್ಲರ ಸೊತ್ತಿನ ಮೇಲೆ ಹೀಗೆ ಹಕ್ಕು ಹೇಳುವಂತಿಲ್ಲ ಎಂದು ಯೂಟ್ಯೂಬಿನ ನಿಯಮವೇ ಹೇಳುತ್ತದೆ. ಆದರೂ ಹಳೆಯ ಸಂಗೀತದ ವಿಷಯದಲ್ಲಿ ಇಂಥ ತಪ್ಪು ತಗಾದೆಗಳು ಲೋಕದಲ್ಲೆಲ್ಲ ಆಗುತ್ತಲೇ ಇವೆ. ತಪ್ಪು ಎಂದು ತೋರಿಸುವ ಕೆಲಸ ಹಾಡಿದವರ ತಲೆಗೇ ಬೀಳುತ್ತದೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಯಂಥ ಸಂಸ್ಥೆಗಳು ಊರ ಹಾಡುಗಳನ್ನು ಹಾಡಿದವರ ಹೆಸರು, ದಿನಾಂಕದೊಂದಿಗೆ ರೆಕಾರ್ಡ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಟ್ಟರೆ, ಇದು ಮೊದಲೇ ಇತ್ತು ಎನ್ನಲು ಪುರಾವೆಯಾದರೂ ಸಿಗುತ್ತದೆ.

ಸಹಿ ಹಾಕುವ ದಿನ

ಲಿಂಡಾ ಕಾಲಕ್ಕಿಂತ ನಮ್ಮ ಕಾನೂನು ಈಗ ಎಷ್ಟೋ ವಾಸಿ. 2012ರ ತಿದ್ದುಪಡಿಯ ನಂತರ ಸಾಹಿತ್ಯ ಬರೆದವರು, ರಾಗ ಕಟ್ಟಿದವರು ಹಾಡನ್ನೇ ಮಾರಿದರೂ ರಾಯಲ್ಟಿಯ ಪಾಲನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಸಹಿ ಹಾಕಿಸಿಕೊಂಡರೂ ಅದು ನಿಲ್ಲುವುದಿಲ್ಲ. ಎಷ್ಟು ವರ್ಷಕ್ಕೆ ಎಂದು ಅಗ್ರಿಮೆಂಟಿನಲ್ಲಿ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದ್ದರಿಂದಲೇ ಕಂಪನಿಗಳ ಕಾಗದದಲ್ಲಿ 'ಶಾಶ್ವತವಾಗಿ', 'ಲೋಕದಾದ್ಯಂತ' ಎಂಬ ಪದಗಳು ತಪ್ಪದೆ ಇರುತ್ತವೆ. ಆ ಎರಡು ಪದಗಳನ್ನು ಹುಡುಕಿ, ಅವುಗಳ ಮೇಲೆ ಚೌಕಾಸಿ ಮಾಡಲು ವಕೀಲರೇ ಬೇಕೆಂದಿಲ್ಲ.

ಹಾಡಿದವರಿಗೆ, ನುಡಿಸಿದವರಿಗೆ ಈಗ ಕಲಾವಿದರಾಗಿ ಹಕ್ಕಿದೆ. ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಕೇಳಬಹುದು, ತಮ್ಮ ಹೆಸರು ಹಾಕಿ ಎಂದೂ ಕೇಳಬಹುದು. ಈ ಹಕ್ಕು 50 ವರ್ಷ ಇರುತ್ತದೆ. ಕೊಡಗಿನ ಮಟ್ಟಿಗೆ ಇದು ಯಾರಿಗೆ ಬೇಕಾದ ಮಾತು ಎಂದರೆ, ಮದುವೆ ಮದುವೆಗೆ ವಾಲಗ ಊದುವ, ಪರೆ ಬಾರಿಸುವ ಮೇದ, ಕೆಂಬಟ್ಟಿ ಸಮುದಾಯದವರಿಗೆ. ಅವರನ್ನು ಒಂದು ದಿನ ಸ್ಟುಡಿಯೊಗೆ ಕರೆದು, ದಿನದ ಸಂಬಳ ಕೈಗಿಟ್ಟು, ನುಡಿಸಿದ್ದನ್ನು ಕತ್ತರಿಸಿ ಬೀಟ್ ಮಾಡಿಕೊಳ್ಳುವುದು ಈಗಿನ ತಂತ್ರಜ್ಞಾನದಲ್ಲಿ ಅರ್ಧ ಗಂಟೆಯ ಕೆಲಸ. ಆ ಬೀಟ್ ಮುಂದೆ ಯಾವುದೋ ದೇಶದ ಆಸ್ಪತ್ರೆಯ ಅಂಗಳಕ್ಕೆ ಹೋದರೆ ಪಾಲು ಕೇಳುವ ಹಕ್ಕು ಕಾಗದದ ಮೇಲೆ ಅವರಿಗಿದೆ. ಕೇಳುವುದಕ್ಕೆ ಆ ದಿನ ನುಡಿಸಿದವರು ಯಾರು ಎಂದು ಎಲ್ಲಾದರೂ ಬರೆದಿರಬೇಕು, ಅಷ್ಟೇ. ಈಗ ಯೂಟ್ಯೂಬಿನಲ್ಲಿ ಕೊಡವ ವಾಲಗ ಎಂದು ಹುಡುಕಿದರೆ ಸಿಗುವ ವಿಡಿಯೊಗಳ ಕೆಳಗೆ ಮದುಮಕ್ಕಳ ಹೆಸರು ಇರುತ್ತದೆ, ಕ್ಯಾಮೆರಾದವರ ಹೆಸರು ಇರುತ್ತದೆ. ವಾಲಗದವರ ಹೆಸರು ಹುಡುಕಿ ನೋಡಿ.